ರಿಪೋರ್ಟ್‌ನಲ್ಲಿ ‘ನರಕ್ಕೆ ಹತ್ತಿದೆ’ ಅಂತ ಬಂದಿದೆಯಾ? ಜಠರದ ಕ್ಯಾನ್ಸರ್ ಮತ್ತು ನರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನ ಒಂದು ಆಸ್ಪತ್ರೆಯ ಪೆಥಾಲಜಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಆಪರೇಷನ್‌ನಲ್ಲಿ ತೆಗೆದ ತುಣುಕನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಸೀಳಿ, ಬಣ್ಣ ಹಾಕಿ ಸ್ಲೈಡ್ ಮಾಡುವುದು ನನ್ನ ಕೆಲಸ. ಸ್ಲೈಡ್ ನೋಡಿ ರಿಪೋರ್ಟ್ ಬರೆಯುವವರು ಪೆಥಾಲಜಿಸ್ಟ್ ಡಾಕ್ಟರ್. ಆದರೆ ಕವರ್ ಒಡೆದು ಓದಿದವರು ಮೊದಲು ಕೇಳುವುದು ಕೌಂಟರ್ ಹತ್ತಿರ ಸಿಕ್ಕಿದವರನ್ನೇ. ಹಾಗೆ ಕೇಳಿದ ಪ್ರಶ್ನೆಗಳೇ ಇಲ್ಲಿವೆ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಮಂಡ್ಯ ಕಡೆಯ ನಮ್ಮ ಚಿಕ್ಕಪ್ಪನಿಗೆ ಜಠರದ ಕ್ಯಾನ್ಸರ್ ಆಪರೇಷನ್ ಆಯಿತು. ರಿಪೋರ್ಟ್ ಕೊಡುವಾಗ ಯಾರೋ ಒಬ್ಬರು ‘ನರಕ್ಕೆಲ್ಲ ಹೋಗಿದೆ’ ಎಂದು ಒಂದೇ ಮಾತು ಹೇಳಿ ಕಳಿಸಿದರು. ಮನೆಯವರು ಅದನ್ನು ‘ಇನ್ನು ಮುಗೀತು’ ಎಂದು ಅರ್ಥ ಮಾಡಿಕೊಂಡರು. ಕೀಮೋಗೆ ಹೋಗಲೇ ಇಲ್ಲ. ನನಗೆ ವಿಷಯ ಗೊತ್ತಾಗುವಷ್ಟರಲ್ಲಿ ಒಂದೂವರೆ ತಿಂಗಳು ಕಳೆದಿತ್ತು. ಆ ಒಂದೂವರೆ ತಿಂಗಳು ಈಗಲೂ ನನ್ನನ್ನು ಚುಚ್ಚುತ್ತದೆ.

ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ಔಷಧಿ ನಿಲ್ಲಿಸಬೇಡಿ, ಶುರುವೂ ಮಾಡಬೇಡಿ. ನಿಮ್ಮ ಡಾಕ್ಟರ್ ಹತ್ತಿರ ಸರಿಯಾದ ಪ್ರಶ್ನೆ ಕೇಳಲು ಇದು ನೆರವಾದರೆ ಸಾಕು.

‘ಪೆರಿನ್ಯೂರಲ್ ಇನ್ವೇಶನ್: ಪ್ರೆಸೆಂಟ್’ ಅಂತ ಬರೆದಿದ್ದಾರೆ. ಏನಿದು?

ಜಠರದ ಗೋಡೆಯೊಳಗೆ ಸಣ್ಣ ಸಣ್ಣ ನರಗಳಿವೆ. ಕ್ಯಾನ್ಸರ್ ಕಣಗಳು ಅಂಥ ಒಂದು ನರದ ಸುತ್ತ ಅಥವಾ ಅದರ ಪೊರೆಯೊಳಗೆ ಸೇರಿಕೊಂಡಿರುವುದು ಮೈಕ್ರೋಸ್ಕೋಪಿನಲ್ಲಿ ಕಂಡಿದೆ ಎಂದು ಅರ್ಥ. ನರಕ್ಕೆ ಕರೆಂಟ್ ವೈರಿನ ಹಾಗೆ ಹೊದಿಕೆ ಇರುತ್ತದೆ, ಒಂದಲ್ಲ, ಮೂರು ಪದರ. ಆ ಮೂರರಲ್ಲಿ ಯಾವುದರೊಳಗಾದರೂ ಕಣ ಇದ್ದರೆ, ಇಲ್ಲವೇ ನರಕ್ಕೆ ಅಂಟಿಕೊಂಡು ಅದರ ಸುತ್ತಳತೆಯ ಮೂರನೇ ಒಂದು ಭಾಗವನ್ನಾದರೂ ಆವರಿಸಿದ್ದರೆ ‘ಇದೆ’ ಎಂದು ಬರೆಯುತ್ತಾರೆ. ಸುಮ್ನೆ ಪಕ್ಕದಲ್ಲಿ ಬಿದ್ದಿದ್ದರೆ ಲೆಕ್ಕಕ್ಕಿಲ್ಲ.

ಸ್ಲೈಡಿನಲ್ಲಿ ನರ ತಿಳಿ ಗುಲಾಬಿ ಬಣ್ಣದಲ್ಲಿ, ಅಲೆಅಲೆಯಾಗಿ ಕಾಣುತ್ತದೆ. ಕ್ಯಾನ್ಸರ್ ಕಣಗಳು ಗಾಢ ನೇರಳೆ. ಅವು ನರದ ಸುತ್ತ ಉಂಗುರದ ಹಾಗೆ ಕೂತಿರುತ್ತವೆ. ಒಮ್ಮೆ ನೋಡಿದರೆ ಮರೆಯಲಾಗದ ಚಿತ್ರ ಅದು. ಕೆಲವು ಸಲ ನರ ಎಷ್ಟು ಸಣ್ಣದಿರುತ್ತದೆ ಎಂದರೆ ಅದು ನರ ಹೌದೋ ಅಲ್ಲವೋ ಎಂಬುದೇ ಅನುಮಾನ. ಆಗ ಎಸ್-100 ಎಂಬ ವಿಶೇಷ ಬಣ್ಣದ ಪರೀಕ್ಷೆ ಮಾಡಿ ನರವನ್ನು ಗುರುತಿಸುತ್ತಾರೆ.

ಒಂದು ಕಡೆ ‘ಪಿಎನ್1’, ಇನ್ನೊಂದು ಕಡೆಯೂ ‘ಪಿಎನ್1’ ಇದೆ. ಎರಡೂ ಒಂದೇನಾ?

ಅಲ್ಲ. ಇಲ್ಲಿ ಎಡವುವವರು ತುಂಬಾ ಜನ. ಇಂಗ್ಲಿಷಿನಲ್ಲಿ ಪಿ ಚಿಕ್ಕಕ್ಷರ, ಎನ್ ದೊಡ್ಡಕ್ಷರ ಇದ್ದರೆ ಅದು ಲಿಂಫ್ ಗ್ರಂಥಿಗಳ, ಅಂದರೆ ಸೋಂಕು ತಡೆಯಲು ಮೈಯಲ್ಲಿ ಅಲ್ಲಲ್ಲಿ ಇರುವ ಸಣ್ಣ ಗಂಟುಗಳ ಲೆಕ್ಕ. ಪಿ ದೊಡ್ಡದು, ಎನ್ ಚಿಕ್ಕದು ಇದ್ದರೆ ಅದು ನರದ ವಿಷಯ. ಮುಂದೆ 0 ಇದ್ದರೆ ಕಂಡಿಲ್ಲ, 1 ಇದ್ದರೆ ಕಂಡಿದೆ. ಅಕ್ಷರದ ಗಾತ್ರವನ್ನು ಒಮ್ಮೆ ನಿಧಾನವಾಗಿ ನೋಡಿಕೊಳ್ಳಿ.

ನರ ಅಂದ್ರೆ ಯಾವುದು? ಡ್ರಿಪ್ ಹಾಕೋಕೆ ಹುಡುಕ್ತಾರಲ್ಲ, ಅದಾ?

ಈ ಪ್ರಶ್ನೆ ಕೇಳಿದವರು ನಮ್ಮ ಚಿಕ್ಕಪ್ಪನೇ. ‘ಏನವ್ವಾ ನರ ಅಂದ್ರೆ? ಸೂಜಿ ಚುಚ್ಚೋಕೆ ನರ ಸಿಗ್ತಿಲ್ಲ ಅಂತಾರಲ್ಲ, ಅದೇನಾ?’ ಎಂದರು.

ತಪ್ಪು ಅವರದಲ್ಲ. ನಮ್ಮ ಮಾತೇ ಹಾಗಿದೆ. ರಕ್ತ ಹರಿಯುವ ನಾಳಕ್ಕೂ ನಾವು ನರ ಎನ್ನುತ್ತೇವೆ. ಕಾಲಿನಲ್ಲಿ ಉಬ್ಬಿದ ರಕ್ತನಾಳಕ್ಕೂ ನರ. ಮಿದುಳಿನಿಂದ ಸುದ್ದಿ ಒಯ್ಯುವ ತಂತಿಗೂ ನರ. ಹಾಗಾಗಿ ‘ನರಕ್ಕೆ ಹೋಗಿದೆ’ ಎಂದ ಕೂಡಲೇ ಒಬ್ಬರಿಗೆ ರಕ್ತದಲ್ಲಿ ಬೆರೆತು ಮೈಗೆಲ್ಲ ಹರಡಿತು ಎಂದು ಕೇಳಿಸುತ್ತದೆ. ಇನ್ನೊಬ್ಬರಿಗೆ ಲಕ್ವ ಹೊಡೆಯುತ್ತದೆ ಎಂದು ಕೇಳಿಸುತ್ತದೆ. ರಿಪೋರ್ಟ್ ಹೇಳುತ್ತಿರುವುದು ಎರಡನ್ನೂ ಅಲ್ಲ. ಇಲ್ಲಿ ನರ ಎಂದರೆ ಸುದ್ದಿ ಒಯ್ಯುವ ತಂತಿ, ಅದೂ ಜಠರದ ಗೋಡೆಯೊಳಗೇ ಇರುವ, ಕಣ್ಣಿಗೆ ಕಾಣದಷ್ಟು ಸಣ್ಣ ತಂತಿ. ರಕ್ತನಾಳ ಮತ್ತು ಲಿಂಫ್ ನಾಳಕ್ಕೆ ರಿಪೋರ್ಟ್‌ನಲ್ಲಿ ಬೇರೆಯೇ ಸಾಲು ಇರುತ್ತದೆ, ‘ಲಿಂಫೋವ್ಯಾಸ್ಕುಲರ್ ಇನ್ವೇಶನ್’ ಎಂದು.

ಜಠರಕ್ಕೆ ನರ ಬರುವುದು ಎರಡು ದಾರಿಯಲ್ಲಿ. ಒಂದು ವೇಗಸ್ ನರ, ತಲೆಬುರುಡೆಯಿಂದ ಹೊರಟು ಎದೆಯ ಮೂಲಕ ಅನ್ನನಾಳದ ಜೊತೆ ಕೆಳಗಿಳಿದು ಬರುವುದು. ಇನ್ನೊಂದು ಬೆನ್ನುಹುರಿ ಕಡೆಯಿಂದ, ಜಠರದ ಹಿಂದೆ ಇರುವ ಸೀಲಿಯಾಕ್ ಪ್ಲೆಕ್ಸಸ್ ಎಂಬ ನರಗಳ ಗಂಟಿನ ಮೂಲಕ ಬರುವುದು. ಇವೆರಡೂ ಗೋಡೆಯೊಳಗೆ ಬಂದು ಬಲೆಗಳ ಜೊತೆ ಸೇರುತ್ತವೆ. ಒಳಪೊರೆಯ ಕೆಳಗಿನ ಬಲೆಗೆ ಮೈಸ್ನರ್ ಎಂದೂ, ಸ್ನಾಯು ಪದರಗಳ ನಡುವಿನ ಬಲೆಗೆ ಔಅರ್‌ಬಾಖ್ ಎಂದೂ ಹೆಸರು, ಇಬ್ಬರೂ ಜರ್ಮನ್ ವಿಜ್ಞಾನಿಗಳು. ನುಂಗಿದ ಮುದ್ದೆಯನ್ನು ಕಲಸಿ ಮುಂದೆ ತಳ್ಳಲು ಗೋಡೆ ಯಾವಾಗ ಹಿಂಡಬೇಕು ಎನ್ನುವುದನ್ನು ಹೊಂದಿಸುವುದರಲ್ಲಿ ಈ ಬಲೆಗಳ ಪಾಲು ದೊಡ್ಡದು.

ಕ್ಯಾನ್ಸರ್ ನರದ ಮೇಲೆ ಹೇಗೆ ಹೋಗುತ್ತೆ?

ಮೊದಲು ಬೇರೆ ದಾರಿಗಳನ್ನು ನೋಡೋಣ. ಜಠರದ ಕ್ಯಾನ್ಸರ್ ಲಿಂಫ್ ನಾಳದಲ್ಲಿ ಗ್ರಂಥಿಗಳಿಗೆ ಹೋಗುತ್ತದೆ. ರಕ್ತದಲ್ಲಿ ಸೇರಿ ಲಿವರ್‌ಗೆ, ಶ್ವಾಸಕೋಶಕ್ಕೆ ಹೋಗುತ್ತದೆ. ಗೋಡೆ ದಾಟಿ ಹೊರಬಂದರೆ ಹೊಟ್ಟೆಯೊಳಗಿನ ಹಾಸುಪೊರೆಯ ಮೇಲೆ ಬೀಜ ಚೆಲ್ಲಿದ ಹಾಗೆ ಉದುರುತ್ತದೆ. ನರದ ದಾರಿ ಇವಕ್ಕಿಂತ ಬೇರೆ. ಅಲ್ಲಿ ಹರಿಯುವ ದ್ರವ ಇಲ್ಲ. ಕಣಗಳು ಪೊರೆಯ ಸಂದಿಯಲ್ಲಿ ತೆವಳಬೇಕು.

ಇದನ್ನು ಹೇಳಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ನಾಲೆ ನೀರಲ್ಲಿ ತೇಲ್ಕಂಡು ಹೋಗದಲ್ಲ, ನಾಲೆ ಏರಿ ಮೇಲೆ ನಡ್ಕಂಡು ಹೋಗದು ಅನ್ನು’ ಎಂದರು. ಅವರ ಗದ್ದೆಗೆ ನೀರು ಬರುವುದು ವಿ.ಸಿ. ನಾಲೆಯಿಂದ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ವಿವರಣೆ ನಾನು ಕೇಳಿಲ್ಲ. ನೀರಿಗೆ ಬಿದ್ದದ್ದು ದೂರದ ಊರಿಗೆ ಹೋಗಿಬಿಡಬಹುದು. ಏರಿ ಮೇಲೆ ನಡೆಯುವುದು ನಿಧಾನ, ಹೆಚ್ಚಾಗಿ ಆಸುಪಾಸಿನಲ್ಲೇ. ಆದರೆ ಏರಿ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಕಾಣದ ಹಾಗೆ ಹೋಗಿ ಕೂತಿರಬಹುದು. ಗಡ್ಡೆ ಇಲ್ಲಿಗೇ ಮುಗಿಯಿತು ಎಂದು ಕಣ್ಣಿಗೆ ಕಂಡ ಜಾಗದಿಂದ ಸ್ವಲ್ಪ ಆಚೆಗೂ ಕಣಗಳು ಉಳಿಯಬಹುದು. ಡಾಕ್ಟರಿಗೆ ಚಿಂತೆ ಇರುವುದು ಅದಕ್ಕೇ.

ಕ್ಯಾನ್ಸರ್ ನರದ ಜಾಡು ಹಿಡಿದು ಬೆಳೆಯುವುದನ್ನು 1835ರಲ್ಲೇ ಫ್ರಾನ್ಸಿನ ಕ್ರೂವೇಲಿಯೆ ಎಂಬ ವೈದ್ಯರು ತಲೆ ಮತ್ತು ಕತ್ತಿನ ಕ್ಯಾನ್ಸರಿನಲ್ಲಿ ಬರೆದಿಟ್ಟಿದ್ದರು. ನರದ ಪೊರೆಯ ಸಂದಿ ಸಡಿಲ, ಅದಕ್ಕೇ ಸುಲಭದ ದಾರಿ ಎಂದು ಕಣಗಳು ಅಲ್ಲಿಗೆ ನುಗ್ಗುತ್ತವೆ ಎಂದು ಬಹಳ ಕಾಲ ಅಂದುಕೊಂಡಿದ್ದರು. ಈಗ ಗೊತ್ತಿರುವುದು ಅಷ್ಟೇ ಅಲ್ಲ. ಕ್ಯಾನ್ಸರ್ ಕಣ ಮತ್ತು ನರ ಒಂದನ್ನೊಂದು ಕರೆಯುತ್ತವೆ. ನರಗಳನ್ನು ಬೆಳೆಸುವ ಒಂದು ಪ್ರೋಟೀನ್ ನಮ್ಮ ಮೈಯಲ್ಲೇ ಇದೆ, ನರ್ವ್ ಗ್ರೋತ್ ಫ್ಯಾಕ್ಟರ್ ಎನ್ನುತ್ತಾರೆ. ಅದನ್ನು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ ಸ್ಟ್ಯಾನ್ಲಿ ಕೋಹೆನ್ ಜೊತೆ 1986ರಲ್ಲಿ ನೊಬೆಲ್ ಬಂತು. ಗಡ್ಡೆ ಇಂಥ ಪ್ರೋಟೀನನ್ನು ಸುರಿಸುತ್ತದೆ, ನರದ ಎಳೆಗಳು ಅದರ ಕಡೆಗೆ ಚಿಗುರುತ್ತವೆ. ನರ ಬಿಡುವ ರಾಸಾಯನಿಕಗಳು ತಿರುಗಿ ಗಡ್ಡೆಗೆ ಗೊಬ್ಬರವಾಗುತ್ತವೆ. ಪೆಟ್ಟಾದ ನರವನ್ನು ರಿಪೇರಿ ಮಾಡುವ ಶ್ವಾನ್ ಕಣಗಳೂ ಕ್ಯಾನ್ಸರ್ ಕಣಗಳಿಗೆ ದಾರಿ ಮಾಡಿಕೊಡುತ್ತವೆ. ಅಂದರೆ ಏರಿ ಮೇಲೆ ನಡೆಯುವವನಿಗೆ ಏರಿಯೇ ಊಟ ಹಾಕಿ ಮುಂದೆ ಕಳಿಸಿದ ಹಾಗೆ.

ವೇಗಸ್ ನರ ಮಿದುಳಿಗೆ ಹೋಗುತ್ತಲ್ಲ. ಹಾಗಾದ್ರೆ ಮಿದುಳಿಗೆ ಹತ್ತುತ್ತಾ? ಲಕ್ವ ಹೊಡೆಯುತ್ತಾ?

ಇಲ್ಲ. ರಿಪೋರ್ಟ್‌ನ ಈ ಸಾಲಿಗೂ ಲಕ್ವಕ್ಕೂ ಸಂಬಂಧ ಇಲ್ಲ. ಕೈಕಾಲು ಆಡಿಸುವ ನರಗಳೇ ಬೇರೆ. ಜಠರದ ಕ್ಯಾನ್ಸರ್ ಮಿದುಳಿಗೆ ಹೋಗುವುದೇ ಅಪರೂಪ. ಹೋದರೂ ಅದು ರಕ್ತದ ಮೂಲಕ ಹೋಗುವುದು, ವೇಗಸ್ ನರ ಹತ್ತಿಕೊಂಡು ಅಲ್ಲ.

ನರಕ್ಕೆ ಹೋಗಿದೆ ಅಂದ್ರೆ ನಾಲ್ಕನೇ ಸ್ಟೇಜಾ?

ಅಲ್ಲ, ಅಲ್ಲ. ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಸ್ಟೇಜ್ ಲೆಕ್ಕ ಹಾಕುವುದು ಮೂರು ವಿಷಯಗಳಿಂದ. ಗಡ್ಡೆ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಎಷ್ಟು ಲಿಂಫ್ ಗ್ರಂಥಿಗಳಲ್ಲಿ ಇದೆ, ದೂರದ ಅಂಗಕ್ಕೆ ಹೋಗಿದೆಯೇ ಇಲ್ಲವೇ. ನರದ ಸಾಲು ಈ ಮೂರರಲ್ಲಿ ಇಲ್ಲ. ಎರಡನೇ ಸ್ಟೇಜಿನವರಿಗೂ ‘ಪ್ರೆಸೆಂಟ್’ ಎಂದು ಬರಬಹುದು. ನಾಲ್ಕನೇ ಸ್ಟೇಜ್ ಎಂದರೆ ದೂರದ ಅಂಗಕ್ಕೋ ಹಾಸುಪೊರೆಗೋ ಹೋಗಿರುವುದು.

ಹಾಗಂತ ಈ ಸಾಲು ಬೆಲೆಯಿಲ್ಲದ್ದೂ ಅಲ್ಲ. ಒಂದೇ ಸ್ಟೇಜಿನ ಇಬ್ಬರಲ್ಲಿ ನರಕ್ಕೆ ಹತ್ತಿರುವವರಿಗೆ ಕಾಯಿಲೆ ಮರುಕಳಿಸುವ ಭಯ ಸರಾಸರಿ ಜಾಸ್ತಿ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಗಡ್ಡೆ ಆಳಕ್ಕೆ ಇಳಿದಷ್ಟೂ ಇದು ಕಾಣುವುದು ಹೆಚ್ಚು, ಏಕೆಂದರೆ ನರದ ಬಲೆಗಳಿರುವುದೇ ಆ ಆಳದಲ್ಲಿ. ‘ಡಿಫ್ಯೂಸ್ ಟೈಪ್’ ಅಥವಾ ‘ಸಿಗ್ನೆಟ್ ರಿಂಗ್’ ಎಂದು ಬರೆದಿರುವ ಕ್ಯಾನ್ಸರಿನಲ್ಲೂ ಹೆಚ್ಚು. ಆ ಜಾತಿಯಲ್ಲಿ ಕಣಗಳು ಒಟ್ಟಿಗೆ ಗಂಟಾಗಿ ನಿಲ್ಲದೆ ಬಿಡಿಬಿಡಿಯಾಗಿ ಗೋಡೆಯೊಳಗೆ ಚೆದುರುತ್ತವೆ.

ಮೊದಲ ಬಯಾಪ್ಸಿ ರಿಪೋರ್ಟ್‌ನಲ್ಲಿ ಇರಲಿಲ್ಲ. ಆಪರೇಷನ್ ಆದ ಮೇಲೆ ಬಂದಿದೆ. ಕತ್ತಿ ತಾಗಿಸಿದ್ದಕ್ಕೇ ಹರಡಿತಾ?

ಈ ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ‘ಕ್ಯಾನ್ಸರಿಗೆ ಕತ್ತಿ ತಾಗಿಸಬಾರದು’ ಎಂದು ಊರಲ್ಲಿ ಹೇಳುತ್ತಾರೆ, ಅದನ್ನು ನಂಬಿ ಆಪರೇಷನ್ ಬೇಡ ಎಂದು ಹೊರಟವರನ್ನೂ ನೋಡಿದ್ದೇನೆ. ದಯವಿಟ್ಟು ನಂಬಬೇಡಿ.

ನಡೆಯುವುದು ಇಷ್ಟು. ಎಂಡೋಸ್ಕೋಪಿ ಟ್ಯೂಬಿನಿಂದ ತೆಗೆಯುವ ತುಣುಕು ಕೆಲವೇ ಮಿಲಿಮೀಟರ್. ಅದು ಬರುವುದು ಒಳಪೊರೆಯಿಂದ. ನರದ ಬಲೆ ಇರುವುದು ಅದರ ಕೆಳಗಿನ ಪದರಗಳಲ್ಲಿ. ನೋಡಬೇಕಾದ ಜಾಗವೇ ತುಣುಕಿನಲ್ಲಿ ಇರುವುದಿಲ್ಲ, ಅಂದಮೇಲೆ ಕಾಣುವುದಾದರೂ ಹೇಗೆ? ಬಯಾಪ್ಸಿಯ ಕೆಲಸ ಕ್ಯಾನ್ಸರ್ ಹೌದೇ, ಯಾವ ಜಾತಿ ಎಂದು ಹೇಳುವುದು. ಆಪರೇಷನ್ ಆದಾಗ ಜಠರದ ಗೋಡೆ ಪೂರ್ತಿ ದಪ್ಪಕ್ಕೆ ನಮ್ಮ ಕೈಗೆ ಸಿಗುತ್ತದೆ. ಅದನ್ನು ಫಾರ್ಮಲಿನ್‌ನಲ್ಲಿ ನೆನೆಹಾಕಿ, ಡಾಕ್ಟರ್ ಬೇರೆ ಬೇರೆ ಕಡೆಯಿಂದ ತುಣುಕು ಆರಿಸಿ ಕೊಡುತ್ತಾರೆ. ನಾವು ಅದನ್ನು ಮೇಣದ ಬ್ಲಾಕ್ ಮಾಡಿ, ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಮೂರು ನಾಲ್ಕು ಭಾಗದಷ್ಟು ತೆಳ್ಳಗೆ ಸೀಳುತ್ತೇವೆ. ಆಗ ನರ ಕಾಣುತ್ತದೆ, ನರದಲ್ಲಿ ಏನಿದೆ ಎನ್ನುವುದೂ ಕಾಣುತ್ತದೆ. ಕಂಡದ್ದು ಈಗ, ಇದ್ದದ್ದು ಮೊದಲೇ.

ರಿಪೋರ್ಟ್ ಒಂದು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ತಡವಾಗುವುದೂ ಇದಕ್ಕೇ. ಕೊಬ್ಬಿನೊಳಗಿನ ಗ್ರಂಥಿಗಳನ್ನೂ ಒಂದೊಂದಾಗಿ ಬೆರಳಲ್ಲಿ ತಡವಿ ಹುಡುಕಬೇಕು. ಕನಿಷ್ಠ 16 ಗ್ರಂಥಿ ನೋಡಿರಬೇಕು ಎಂಬುದು ಸಾಮಾನ್ಯ ನಿಯಮ. ನಿಮ್ಮ ರಿಪೋರ್ಟ್‌ನಲ್ಲಿ ಆ ಸಂಖ್ಯೆ ಇರುತ್ತದೆ, ನೋಡಿ.

ಸ್ಕ್ಯಾನ್‌ನಲ್ಲಿ ಗೊತ್ತಾಗಲ್ವಾ?

ಇಲ್ಲ. ಸಿಟಿ ಆಗಲಿ ಪೆಟ್ ಆಗಲಿ ಇಷ್ಟು ಸಣ್ಣ ನರವನ್ನು ತೋರಿಸುವುದಿಲ್ಲ. ಸ್ಕ್ಯಾನ್ ಬೇಕಾಗುವುದು ಲಿವರ್, ಗ್ರಂಥಿ, ಬೇರೆ ಅಂಗಗಳಿಗೆ ಹೋಗಿದೆಯೇ ಎಂದು ನೋಡಲು.

ನರಕ್ಕೆ ಹತ್ತಿದ್ರೆ ತುಂಬಾ ನೋವು ಬರುತ್ತಾ?

ಬರಲೇಬೇಕು ಎಂದೇನಿಲ್ಲ. ರಿಪೋರ್ಟ್‌ನಲ್ಲಿ ಈ ಸಾಲು ಇದ್ದು, ಒಂದು ದಿನವೂ ಅಂಥ ನೋವು ಕಾಣದವರಿದ್ದಾರೆ. ಆಪರೇಷನ್‌ನಲ್ಲಿ ಆ ಭಾಗವನ್ನೇ ತೆಗೆದಿರುತ್ತಾರೆ ಅಲ್ವಾ.

ಕಾಯಿಲೆ ಮುಂದುವರಿದು ಜಠರದ ಹಿಂದಿನ ಸೀಲಿಯಾಕ್ ಗಂಟಿನವರೆಗೆ ಹೋದಾಗ ಮಾತ್ರ ಬೇರೆ. ಆಗ ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ನಾಟುವ, ಕೊರೆಯುವ ನೋವು ಬರಬಹುದು. ಅದನ್ನು ಹಲ್ಲು ಕಚ್ಚಿ ಸಹಿಸುವ ಅಗತ್ಯ ಇಲ್ಲ. ಮಾರ್ಫಿನ್ ಮಾತ್ರೆ ಇದೆ. ಆ ನರದ ಗಂಟಿಗೇ ಇಂಜೆಕ್ಷನ್ ಕೊಟ್ಟು ಸುದ್ದಿ ಹೋಗದ ಹಾಗೆ ಮಾಡುವ ವಿಧಾನವೂ ಇದೆ. ‘ಮಾರ್ಫಿನ್ ಕೊಟ್ಟರೆ ಅಭ್ಯಾಸ ಆಗಿಬಿಡುತ್ತೆ, ಕೊನೆಗಾಲಕ್ಕೆ ಮಾತ್ರ’ ಎಂದು ಮನೆಯವರೇ ತಡೆಯುತ್ತಾರೆ. ಡಾಕ್ಟರ್ ಹೇಳಿದ ಅಳತೆಯಲ್ಲಿ ಕೊಟ್ಟರೆ ಆ ಭಯ ಬೇಡ. ನೋವು ಕಡಿಮೆಯಾದವರು ಊಟ ಮಾಡುತ್ತಾರೆ, ನಿದ್ದೆ ಮಾಡುತ್ತಾರೆ, ಚಿಕಿತ್ಸೆಗೂ ತಡೆದುಕೊಳ್ಳುತ್ತಾರೆ. ನೋವಿನ ಚಿಕಿತ್ಸೆಯನ್ನು ಮೊದಲ ದಿನದಿಂದಲೇ ಕೇಳಿ.

ಈ ಸಾಲಿನಿಂದ ಚಿಕಿತ್ಸೆ ಬದಲಾಗುತ್ತಾ?

ಬದಲಾಗಬಹುದು. ಗಡ್ಡೆ ಆಳಕ್ಕೆ ಇಳಿದಿದ್ದರೆ ಅಥವಾ ಗ್ರಂಥಿಯಲ್ಲಿ ಇದ್ದರೆ ಹೇಗೂ ಕೀಮೋ ಇರುತ್ತದೆ. ನರದ ಸಾಲು ಇರಲಿ ಬಿಡಲಿ ಅದರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಇದರ ತೂಕ ಗೊತ್ತಾಗುವುದು ಮಧ್ಯದವರಲ್ಲಿ. ಗಡ್ಡೆ ಸ್ನಾಯು ಪದರಕ್ಕೆ ಮಾತ್ರ ಇಳಿದು, ಗ್ರಂಥಿಗಳೆಲ್ಲ ಚೊಕ್ಕವಾಗಿದ್ದರೆ ಕೀಮೋ ಬೇಕೋ ಬೇಡವೋ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ನರಕ್ಕೆ ಹತ್ತಿದೆ ಎಂಬುದು ‘ಕೊಡೋಣ’ ಎನ್ನುವ ಕಡೆಗೆ ತಕ್ಕಡಿ ವಾಲಿಸುವ ಕಾರಣಗಳಲ್ಲಿ ಒಂದು. ಡಾಕ್ಟರನ್ನು ನೇರವಾಗಿ ಕೇಳಿ: ‘ನರದ ವಿಷಯ ಬರೆದಿದ್ದಾರೆ, ಅದರಿಂದ ನಮ್ಮ ಚಿಕಿತ್ಸೆಯಲ್ಲಿ ಏನಾದರೂ ಬದಲಾವಣೆ ಇದೆಯಾ?’

ಆಪರೇಷನ್ ಆದ ಮೇಲೆ ಕೀಮೋ ಬೇಕು ಎಂದರೆ ಸಾಮಾನ್ಯವಾಗಿ 6ರಿಂದ 8 ವಾರದೊಳಗೆ ಶುರು ಮಾಡಲು ನೋಡುತ್ತಾರೆ. ನಮ್ಮ ಮನೆಯವರು ಕಳೆದುಕೊಂಡದ್ದು ಹೆಚ್ಚುಕಡಿಮೆ ಅಷ್ಟೂ ಸಮಯವನ್ನು. ಚಿಕ್ಕಪ್ಪನಿಗೆ ಕೊನೆಗೂ ಕೀಮೋ ಆಯಿತು, ಆದರೆ ತಡವಾಗಿ ಆಯಿತು. ಗಾಯ ಮಾಗುವುದನ್ನು ಕಾಯಿರಿ. ಹಬ್ಬ ಮುಗಿಯಲಿ, ಕಟಾವು ಮುಗಿಯಲಿ ಎಂದು ಮಾತ್ರ ಕಾಯಬೇಡಿ.

ನರವನ್ನೇ ಕತ್ತರಿಸಿಬಿಟ್ಟರೆ ಕ್ಯಾನ್ಸರ್ ನಿಲ್ಲುತ್ತಾ?

ಒಳ್ಳೆಯ ಪ್ರಶ್ನೆ. ವಿಜ್ಞಾನಿಗಳೂ ಇದನ್ನೇ ಕೇಳಿದ್ದಾರೆ. 2014ರಲ್ಲಿ ನಾರ್ವೆ ಮತ್ತು ಅಮೆರಿಕದ ಸಂಶೋಧಕರು ಇಲಿಗಳಲ್ಲಿ ವೇಗಸ್ ನರ ಕತ್ತರಿಸಿ ನೋಡಿದರು. ನರದ ಸುದ್ದಿ ತಡೆಯುವ ಬೊಟಾಕ್ಸ್ ಚುಚ್ಚಿಯೂ ನೋಡಿದರು. ಜಠರದ ಗಡ್ಡೆಗಳು ಕಡಿಮೆಯಾದವು. ಆದರೆ ಅದು ಇಲಿ. ಮನುಷ್ಯರಿಗೆ ಇದು ಇನ್ನೂ ಆಸ್ಪತ್ರೆಯಲ್ಲಿ ಕೊಡುವ ಚಿಕಿತ್ಸೆ ಅಲ್ಲ. ಇದರ ಹೆಸರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಜಠರ ತೆಗೆದ ಮೇಲೆ ಊಟ ಹೇಗೆ? ಮುದ್ದೆ ತಿನ್ನಬಹುದಾ?

ಪೂರ್ತಿ ಜಠರ ತೆಗೆದಾಗ ವೇಗಸ್ ನರದ ಕವಲುಗಳೂ ಹೋಗುತ್ತವೆ. ಊಟ ಕೂಡಿಡುವ ಚೀಲವೂ ಇಲ್ಲ, ನಿಧಾನವಾಗಿ ಬಿಡುವ ಬಾಗಿಲೂ ಇಲ್ಲ. ತಿಂದದ್ದು ನೇರ ಸಣ್ಣ ಕರುಳಿಗೆ ಇಳಿಯುತ್ತದೆ. ಸಿಹಿ ಜಾಸ್ತಿ ಇದ್ದರೆ ಬೆವರು, ಎದೆ ಡವಡವ, ತಲೆಸುತ್ತು, ಭೇದಿ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಮಂಡ್ಯ ಕಡೆಯವರು ಇದನ್ನು ಮುಖ್ಯವಾಗಿ ಗಮನಿಸಬೇಕು. ‘ಪಾಪ, ಸೊರಗಿದ್ದಾರೆ’ ಎಂದು ಕಬ್ಬಿನ ಹಾಲು, ಆಲೆಮನೆಯ ಬಿಸಿ ಬೆಲ್ಲ, ಪಾಯಸ ಕೊಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ಅವರಿಗೆ ಒದ್ದಾಟವಾಗುತ್ತದೆ.

ದಿನಕ್ಕೆ ಮೂರರ ಬದಲು ಆರು ಸಲ, ಸ್ವಲ್ಪ ಸ್ವಲ್ಪ. ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು. ಮೊದಲು ಮೆತ್ತಗಿನ ಅನ್ನ, ಬೇಳೆ ಕಟ್ಟು, ಮೊಟ್ಟೆ. ಮುದ್ದೆಯನ್ನು ಡಾಕ್ಟರ್ ಒಪ್ಪಿದ ಮೇಲೆ, ನಿಂಬೆ ಗಾತ್ರದಿಂದ ಶುರು ಮಾಡಿ. ನುಂಗುವುದು ನಮ್ಮ ಅಭ್ಯಾಸ, ಆದರೆ ಇವರು ಮುದ್ದೆಯನ್ನೂ ಚೆನ್ನಾಗಿ ಅಗಿಯಬೇಕು. ಬಿ12 ಇಂಜೆಕ್ಷನ್ ಜೀವನಪೂರ್ತಿ ಬೇಕು, ಅದನ್ನು ಹೀರಿಕೊಳ್ಳಲು ಬೇಕಾದ ವಸ್ತು ತಯಾರಾಗುತ್ತಿದ್ದುದೇ ಜಠರದಲ್ಲಿ.

ಯಾಕೆ ಬಂತು? ನಮಗೂ ಬರುತ್ತಾ?

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣ. 1994ರಲ್ಲೇ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದರು. ಈ ಬ್ಯಾಕ್ಟೀರಿಯಾ ಇರುವ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ. ಬೀಡಿ, ಸಿಗರೇಟು, ಅತಿಯಾದ ಉಪ್ಪು ಭಯ ಹೆಚ್ಚಿಸುತ್ತವೆ. ಮನೆಯಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಬಂದಿದ್ದರೆ ಅಥವಾ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ ಡಾಕ್ಟರಿಗೆ ತಿಳಿಸಿ.

ತಿಂಗಳುಗಟ್ಟಲೆ ‘ಗ್ಯಾಸ್ಟ್ರಿಕ್’ ಎಂದು ಮೆಡಿಕಲ್ ಶಾಪಿನ ಮಾತ್ರೆ ನುಂಗುವುದನ್ನು ಮಾತ್ರ ಬಿಡಿ. ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪಗೆ ಟಾರಿನ ಹಾಗೆ ಮಲ ಹೋಗುವುದು, ಮತ್ತೆ ಮತ್ತೆ ವಾಂತಿ, ರಕ್ತ ಕಡಿಮೆ ಇರುವುದು. ಇವುಗಳಲ್ಲಿ ಒಂದಿದ್ದರೂ ಎಂಡೋಸ್ಕೋಪಿ ಬೇಕೇ ಎಂದು ಕೇಳಿ.

ಅಪ್ಪನಿಗೆ ಇದೆಲ್ಲ ಹೇಳಬೇಕಾ? ಹೆದರಿಬಿಡ್ತಾರೆ.

ನನ್ನ ಅನುಭವದಲ್ಲಿ ಅವರಿಗೆ ಅರ್ಧ ಗೊತ್ತೇ ಇರುತ್ತದೆ. ಉಳಿದ ಅರ್ಧವನ್ನು ಅವರೇ ಊಹಿಸಿಕೊಳ್ಳುತ್ತಾರೆ, ಮತ್ತು ಊಹೆ ನಿಜಕ್ಕಿಂತ ಕೆಟ್ಟದಾಗಿರುತ್ತದೆ. ಚಿಕ್ಕಪ್ಪನಿಗೆ ನಾನು ರಿಪೋರ್ಟಿನ ಹಿಂಬದಿಯಲ್ಲಿ ಜಠರದ ಚಿತ್ರ ಬರೆದು ತೋರಿಸಿದೆ. ಅವತ್ತೇ ಅವರು ಕೀಮೋಗೆ ಒಪ್ಪಿದರು. ಎಲ್ಲವನ್ನೂ ಒಂದೇ ದಿನ ಸುರಿಯಬೇಡಿ. ಅವರು ಕೇಳಿದಷ್ಟಕ್ಕೆ ನಿಜ ಹೇಳಿ.

ಖರ್ಚಿಗೆ ಏನು ಮಾಡೋದು?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ. ಆಧಾರ್, ರೇಷನ್ ಕಾರ್ಡ್ ಇಟ್ಟುಕೊಂಡು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ದೊಡ್ಡ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ. ಅಡ್ಮಿಟ್ ಆಗುವ ಮೊದಲೇ ರೆಫರಲ್ ಚೀಟಿಯ ಬಗ್ಗೆ ಕೇಳಿಕೊಳ್ಳಿ. ಆಮೇಲೆ ಓಡಾಡುವುದು ಕಷ್ಟ.

ಬೇರೆ ಡಾಕ್ಟರ್ ಹತ್ತಿರ ಇನ್ನೊಂದು ಅಭಿಪ್ರಾಯ ಕೇಳಬಹುದಾ? ಏನೇನು ತಗೊಂಡು ಹೋಗಬೇಕು?

ಖಂಡಿತ ಕೇಳಬಹುದು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ರಿಪೋರ್ಟಿನ ಜೆರಾಕ್ಸ್ ಮಾತ್ರ ಒಯ್ದರೆ ಸಾಲದು. ಲ್ಯಾಬ್‌ನಲ್ಲಿ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ, ಅರ್ಜಿ ಬರೆದು ಸಹಿ ಮಾಡಿದರೆ ಕೊಡುತ್ತಾರೆ. ಹರ್2 (ಕೆಲವರ ಕ್ಯಾನ್ಸರ್ ಕಣಗಳ ಮೇಲೆ ಜಾಸ್ತಿ ಇರುವ ಒಂದು ಪ್ರೋಟೀನ್) ಥರದ ಪರೀಕ್ಷೆ ಮುಂದೆ ಬೇಕಾದರೂ ಅದೇ ಬ್ಲಾಕ್‌ನಿಂದ ಮಾಡುತ್ತಾರೆ, ಮತ್ತೆ ಚುಚ್ಚುವುದು ಬೇಕಾಗದೆ ಹೋಗಬಹುದು. ಬ್ಲಾಕ್ ಮೇಲಿನ ನಂಬರ್ ಮತ್ತು ರಿಪೋರ್ಟಿನ ನಂಬರ್ ಒಂದೇ ಇದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಸ್ಲೈಡ್ ಗಾಜು, ಹತ್ತಿ ಸುತ್ತಿ ಗಟ್ಟಿ ಡಬ್ಬಿಯಲ್ಲಿ ಇಡಿ. ಬೇಸಿಗೆಯಲ್ಲಿ ಬೆಂಗಳೂರಿಗೆ ಹೋಗುವಾಗ ಬ್ಲಾಕನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಡಬೇಡಿ. ಅದು ಮೇಣ, ಕರಗುತ್ತದೆ.